ಪೆಟ್ಟಿಗೆ ಹೇಳುವ ಸಾಕ್ಷಿ

ವಿದ್ಯಾರ್ಥಿಗಳೇ, ಜಾದೂಪ್ರಿಯರು ಹಳೆಯ ಭಿತ್ತಿಪತ್ರ, ಕೈಕೋಳ, ಪೆಟ್ಟಿಗೆಗಳನ್ನು ಜೋಪಾನ ಮಾಡುವುದೇಕೆ ಗೊತ್ತೆ?

ಹ್ಯಾರಿ ಹೌಡಿನಿಯವರ ನೀರಿನ ಪೆಟ್ಟಿಗೆಯನ್ನೇ ತೆಗೆದುಕೊಳ್ಳಿ. 1912ರಿಂದ ಅವರು ಕಾಲುಗಳನ್ನು ಬಂಧಿಸಿಕೊಂಡು ತಲೆಕೆಳಗಾಗಿ ಇದರೊಳಗೆ ಇಳಿದು, ಪರದೆಯ ಮರೆಯಲ್ಲಿ ಪಾರಾಗಿ ಬರುತ್ತಿದ್ದರು. ಷೆರ್ಲಾಕ್ ಹೋಮ್ಸ್‌ನನ್ನು ಸೃಷ್ಟಿಸಿದ ಕಾನನ್ ಡಾಯ್ಲ್ ಕೂಡ ಹೌಡಿನಿಗೆ ಅತಿಮಾನುಷ ಶಕ್ತಿಯಿದೆಯೆಂದು ನಂಬಿದ್ದರು! ಹೌಡಿನಿ ಮಾತ್ರ ಅದನ್ನು ಒಪ್ಪಲಿಲ್ಲ.

1926ರಲ್ಲಿ ಅವರು ತೀರಿಕೊಂಡರು. 1995ರಲ್ಲಿ ಕೆನಡಾದ ನಯಾಗರಾ ಫಾಲ್ಸ್‌ನಲ್ಲಿದ್ದ ವಸ್ತುಸಂಗ್ರಹಾಲಯಕ್ಕೆ ಬೆಂಕಿ ಬಿದ್ದು ಪೆಟ್ಟಿಗೆ ಸುಟ್ಟರೂ ಲೋಹದ ಚೌಕಟ್ಟು ಉಳಿಯಿತು. ಕುಶಲಕರ್ಮಿ ಜಾನ್ ಗಾನ್ ಅದನ್ನು ಮತ್ತೆ ಕಟ್ಟಿದರು.

ಮರ, ಗಾಜು, ಲೋಹ. ಅದರಲ್ಲಿರುವುದು ಇಷ್ಟೇ. ಉಳಿದದ್ದೆಲ್ಲ ಯಂತ್ರಕೌಶಲ, ಉಸಿರು ಹಿಡಿಯುವ ಅಭ್ಯಾಸ. ಯಾರಾದರೂ ಪವಾಡವೆಂದರೆ, ನೀವು ಮೊದಲು ಪೆಟ್ಟಿಗೆ ತೋರಿಸಿ ಎನ್ನಿ.