ಮೇಲವಂಕಿಯ ತಾಟಿನೊಳಗ ಪಶ್ಚಿಮ ಆಫ್ರಿಕಾ

ಪಶ್ಚಿಮ ಆಫ್ರಿಕಾದ ಊಟ ಅಂದ ಕೂಡಲೇ ಹಾಸ್ಟೆಲ್‌ನಲ್ಲಿ ಮೊದಲು ಬರುವ ಮಾತು, "ಏನೇನ್ ತಿಂತಾರೋ ಏನೋ ಮಾರಾಯಾ!" ಇದಕ್ಕೆ ಉತ್ತರ ಹುಡುಕಲು ನೈಜೀರಿಯಾದವರೆಗೆ ಹೋಗಬೇಕಿಲ್ಲ. ಗೋಕಾಕ ತಾಲೂಕಿನ ಮೇಲವಂಕಿಯಂಥ ಊರಿನ ಒಂದು ಊಟದ ತಾಟು ಸಾಕು. ಸಜ್ಜಿ ರೊಟ್ಟಿ, ಪುಂಡಿ ಪಲ್ಯ, ಅಲಸಂದಿ ಉಸುಳಿ, ಬೆಂಡಿಕಾಯಿ, ಹುಣಸಿಹಣ್ಣು ಹಿಂಡಿದ ಸಾರು. ಇವುಗಳಲ್ಲಿ ಹೆಚ್ಚಿನವುಗಳ ಮೂಲ ಹುಡುಕುತ್ತ ಹೋದರೆ ದಾರಿ ಆಫ್ರಿಕಾ ಕಡೆಗೇ ತಿರುಗುತ್ತದೆ.

ಕಾಳು ಮೊದಲು ಬಂತು

ಸಜ್ಜೆಯನ್ನು ಮನುಷ್ಯ ಮೊದಲು ಬೆಳೆಸಿದ್ದು ಸಹಾರಾದ ದಕ್ಷಿಣ ಅಂಚಿನಲ್ಲಿ, ಈಗಿನ ಮಾಲಿ ದೇಶದ ಸುತ್ತಮುತ್ತ, ಸುಮಾರು 4500 ವರ್ಷಗಳ ಹಿಂದೆ. ಅದು ನಮ್ಮ ಕಡೆ ಬಂದದ್ದೂ ಹಳೇ ಕಥೆಯೇ. ಹಾವೇರಿ ಜಿಲ್ಲೆಯ ಹಳ್ಳೂರಿನ ಉತ್ಖನನದಲ್ಲಿ ಸಿಕ್ಕ ಸಜ್ಜೆ ಕಾಳುಗಳಿಗೆ ಸುಮಾರು ಮೂರೂವರೆ ಸಾವಿರ ವರ್ಷ ವಯಸ್ಸು. ಜೋಳ ಪೂರ್ವ ಆಫ್ರಿಕಾದ ಸುಡಾನ್ ಕಡೆಯದು. ಅಲಸಂದೆಯ ಬಹಳ ಹಳೆಯ ಕುರುಹು ಸಿಕ್ಕಿರುವುದು ಘಾನಾದಲ್ಲಿ. ಪುಂಡಿ ಮತ್ತು ಹುಣಸೆ ಎರಡರ ತವರೂ ಆಫ್ರಿಕಾವೇ.

ಶೇಂಗಾದ ಕಥೆ ಮಾತ್ರ ಬೇರೆ. ಅದು ದಕ್ಷಿಣ ಅಮೆರಿಕದ್ದು. ಸಮುದ್ರ ದಾಟಿ ಅವರಿಗೂ ನಮಗೂ ಬಂತು. ನಾವು ಹಿಂಡಿ, ಹೋಳಿಗೆ ಮಾಡಿದೆವು, ಬದನೆಕಾಯಿಯೊಳಗೆ ತುಂಬಿದೆವು. ಸೆನೆಗಲ್, ಮಾಲಿಯವರು ಅದನ್ನು ಅರೆದು 'ಮಾಫೆ' ಎಂಬ ಗಟ್ಟಿ ಸಾರು ಮಾಡಿಕೊಂಡರು.

ಮೆನು ಓದುವುದು ಹೇಗೆ?

ಇಂಥ ಊಟ ರುಚಿ ನೋಡಬೇಕೆಂದರೆ ನಮ್ಮ ಕಡೆಯವರು ಬೆಂಗಳೂರಿಗೇ ಹೋಗಬೇಕು. ಕಮ್ಮನಹಳ್ಳಿ, ಹೆಣ್ಣೂರು ಸುತ್ತ ಆಫ್ರಿಕಾದ ವಿದ್ಯಾರ್ಥಿಗಳು ಜಾಸ್ತಿ, ಅವರಿಗಾಗಿಯೇ ನಡೆಯುವ ಸಣ್ಣ ಅಡುಗೆಮನೆಗಳೂ ಉಂಟು. ಇಂಟರ್ನ್‌ಶಿಪ್ಪಿಗೆ ಹೋದಾಗ ಒಮ್ಮೆ ಹೋಗಿ ನೋಡ್ರಿ. ಮೆನುವಿನ ಹೆಸರು ನೋಡಿ ಹೆದರುವುದು ಬೇಡ.

*ಫುಫು:* ಬೇಯಿಸಿದ ಮರಗೆಣಸನ್ನೋ, ಜೊತೆಗೆ ಬಾಳೆಕಾಯಿಯನ್ನೋ ಒರಳಿಗೆ ಹಾಕಿ ಕುಟ್ಟಿ ಮಾಡಿದ ಉಂಡೆ. ಯಾಮ್ ಗೆಡ್ಡೆಯಿಂದಲೂ ಹೀಗೇ ಮಾಡುತ್ತಾರೆ. ಬಲಗೈಯಲ್ಲಿ ಸ್ವಲ್ಪ ಮುರಿದು, ಸಾರಿನಲ್ಲಿ ಅದ್ದಿ, ಅಗಿಯದೇ ನುಂಗಬೇಕು. ಮಂಡ್ಯದ ಗೆಳೆಯ ಜೊತೆಗಿದ್ದರೆ ಅವನಿಗೆ ಟ್ರೇನಿಂಗ್ ಬೇಕಾಗಿಲ್ಲ, ಮುದ್ದೆ ನುಂಗಿದ ಗಂಟಲು ಅದು.

*ಎಗುಸಿ:* ಕಲ್ಲಂಗಡಿ ಬಳಗದ ಒಂದು ಕಾಯಿಯ ಬೀಜ ಪುಡಿ ಮಾಡಿ, ಸೊಪ್ಪು ಹಾಕಿ ಕುದಿಸಿದ ಸಾರು. ನಮ್ಮ ಗುರೆಳ್ಳು ಪುಡಿಯನ್ನು ಪಲ್ಯಕ್ಕೆ ಹಾಕಿದಂತೆ ಅಂದುಕೊಳ್ಳಿ.

*ಜೊಲೊಫ್:* ಟೊಮ್ಯಾಟೊ, ಈರುಳ್ಳಿ, ಮೆಣಸಿನಕಾಯಿ ಹಾಕಿದ ಕೆಂಪು ಅನ್ನ. ಸೆನೆಗಲ್‌ನ ವೊಲೊಫ್ ಜನರ ಜೊಲೊಫ್ ರಾಜ್ಯದಿಂದ ಬಂದ ಹೆಸರು. ಯಾರದ್ದು ಚಲೋ ಅಂತ ನೈಜೀರಿಯಾ ಮತ್ತು ಘಾನಾದವರು ಇವತ್ತಿಗೂ ಜಗಳ ಆಡುತ್ತಾರೆ, ದಾವಣಗೆರೆ ಬೆಣ್ಣೆದೋಸೆಯ ವಾದ ಇದ್ದಹಾಗೆ. ಇದರ ಮೂಲ ಅನ್ನಿಸಿಕೊಂಡ ಸೆನೆಗಲ್‌ನ ಮೀನು-ಅನ್ನ 'ಚೆಬು ಜೆನ್' 2021ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು.

*ಅಕಾರಾ:* ಅಲಸಂದೆ ನೆನೆಸಿ, ಸಿಪ್ಪೆ ತೆಗೆದು, ರುಬ್ಬಿ ಕರಿದದ್ದು. ಹೆಸರೊಂದು ಬಿಟ್ಟರೆ ವಡೆಯೇ.

*ಬಿಸಾಪ್:* ಕೆಂಪು ಪುಂಡಿಯ ಹೂವಿನ ದಳದಂಥ ಭಾಗವನ್ನು ಒಣಗಿಸಿ, ಕುದಿಸಿ, ಸಕ್ಕರೆ ಹಾಕಿದ ತಂಪು ಪಾನಕ. ನಾವು ಎಲೆ ತಿಂದು ಸುಮ್ಮನಾದೆವು, ಅವರು ಹೂವಿನ ಹುಳಿಯನ್ನೂ ಬಿಡಲಿಲ್ಲ.

ಒಂದು ಎಚ್ಚರಿಕೆ: ಸಸ್ಯಾಹಾರಿಗಳು ಮೊದಲೇ ಕೇಳಿಕೊಳ್ಳಿ. ನೈಜೀರಿಯಾದ ಬಹಳಷ್ಟು ಸಾರುಗಳಿಗೆ ಒಣ ಸೀಗಡಿ ಪುಡಿ ಬೀಳುತ್ತದೆ, ನೋಡಿದರೆ ಗೊತ್ತಾಗುವುದಿಲ್ಲ. ಖಾರ ಮಾತ್ರ ನಮ್ಮವರಿಗೆ ಸಮಸ್ಯೆ ಆಗಲಾರದು.

ಸ್ವಲ್ಪ ಇಂಜಿನಿಯರಿಂಗ್

ಜೋಳದ ಹಿಟ್ಟಿಗೆ ಅವ್ವ ಕುದಿಯುವ ಎಸರು ಯಾಕೆ ಹಾಕುತ್ತಾಳೆ? ಜೋಳದಲ್ಲಿ ಗೋಧಿಯಂತೆ ಗ್ಲುಟೆನ್ ಇಲ್ಲ. ಹಿಟ್ಟನ್ನು ಹಿಡಿದಿಡುವ ಕೆಲಸ ಪಿಷ್ಟವೇ ಮಾಡಬೇಕು. ಬಿಸಿನೀರಿನಲ್ಲಿ ಪಿಷ್ಟದ ಕಣಗಳು ನೀರು ಕುಡಿದು ಉಬ್ಬಿ ಅಂಟಾಗುತ್ತವೆ, ಆಗ ರೊಟ್ಟಿ ಒಡೆಯದೇ ಬಡಿಸಿಕೊಳ್ಳುತ್ತದೆ. ಫುಫು ಆಗುವುದೂ ಇದೇ ತತ್ವದಿಂದ. ಬೆಂದ ಗೆಡ್ಡೆಯನ್ನು ಕುಟ್ಟಿದಾಗ ಜೀವಕೋಶ ಒಡೆದು ಪಿಷ್ಟ ಹೊರಬಂದು ರಬ್ಬರಿನಂತೆ ಎಳೆಯುತ್ತದೆ. ಒರಳು ಇಲ್ಲಿ ಮೆಷಿನ್, ಒನಕೆ ಅದರ ಪಿಸ್ಟನ್.

ಬೆಂಡೆಯ ಲೋಳೆಯದು ಇನ್ನೂ ಮಜಾ. ಲೋಳೆ ಅಂದರೆ ನೀರಿನಲ್ಲಿ ಹರಡಿಕೊಂಡ ಉದ್ದನೆಯ ಸಕ್ಕರೆ ಸರಪಳಿಗಳು. ನಾವು ಹುಣಸೆಯೋ ಮಜ್ಜಿಗೆಯೋ ಹಾಕಿ, ಹುರಿದು, ಅದನ್ನು ಕಡಿಮೆ ಮಾಡುತ್ತೇವೆ. ನೈಜೀರಿಯಾದಲ್ಲಿ ಉಲ್ಟಾ: ಕ್ಷಾರದ ಗುಣವಿರುವ 'ಕೌನ್' ಎಂಬ ಉಪ್ಪು ಹಾಕಿ ಲೋಳೆ ಹೆಚ್ಚಿಸುವವರಿದ್ದಾರೆ. ಉಂಡೆ ಗಂಟಲಲ್ಲಿ ಜಾರಬೇಕಲ್ಲ, ಅದಕ್ಕೆ ಲೂಬ್ರಿಕೆಂಟ್ ಬೇಕು! ನಮಗೆ ದೋಷ ಅನ್ನಿಸಿದ್ದು ಅವರಿಗೆ ಡಿಸೈನ್. ಇಂಗ್ಲಿಷಿನ 'ಓಕ್ರಾ' ಎಂಬ ಹೆಸರೂ ನೈಜೀರಿಯಾದ ಇಗ್ಬೊ ಭಾಷೆಯಿಂದಲೇ ಬಂದದ್ದು.

ತಾಟಿನಾಚೆ

ಇಷ್ಟೆಲ್ಲ ಯಾಕೆ ಬರೆಯಬೇಕಾಯಿತು ಅಂದರೆ, ಕಾಳನ್ನು ಒಳಗೆ ಕರೆದುಕೊಂಡ ನಾವು ಮನುಷ್ಯರನ್ನು ಅಷ್ಟು ಸುಲಭವಾಗಿ ಕರೆದುಕೊಂಡಿಲ್ಲ. 2016ರ ಜನವರಿಯಲ್ಲಿ ಬೆಂಗಳೂರಿನ ಹೊರವಲಯದಲ್ಲಿ ಟಾಂಜಾನಿಯಾದ ಒಬ್ಬ ವಿದ್ಯಾರ್ಥಿನಿಯ ಮೇಲೆ ಗುಂಪೊಂದು ಹಲ್ಲೆ ಮಾಡಿತು. ಅವಳಿಗೆ ಸಂಬಂಧವೇ ಇಲ್ಲದ ಒಂದು ಅಪಘಾತದ ಸಿಟ್ಟು ಅದು. ಅವಳೂ ನಮ್ಮ ಹಾಗೆ ಓದಲು ಊರು ಬಿಟ್ಟು ಬಂದವಳು. ಎಲ್ಲ ಆಫ್ರಿಕನ್ನರೂ ಒಂದೇ ಅಂತ ಆ ಗುಂಪು ಅಂದುಕೊಂಡಿತ್ತು. 54 ದೇಶಗಳ ಖಂಡ ಅದು, ಮೇಲವಂಕಿಯ ರೊಟ್ಟಿಗೂ ಮಂಡ್ಯದ ಮುದ್ದೆಗೂ ಇರುವ ಅಂತರಕ್ಕಿಂತ ಎಷ್ಟೋ ಪಟ್ಟು ದೊಡ್ಡ ಅಂತರಗಳು ಅಲ್ಲಿವೆ.

ಒಂದು ಊಟದಿಂದ ಇದೆಲ್ಲ ಸರಿಹೋಗುವುದಿಲ್ಲ. ಆದರೆ ಕ್ಯಾಂಪಸ್ಸಿನಲ್ಲಿ ಆ ಕಡೆಯ ಸಹಪಾಠಿ ಯಾರಾದರೂ ಇದ್ದರೆ, ಮುಂದಿನ ಸಲ ಊರಿಂದ ಬುತ್ತಿ ಬಂದಾಗ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ಅವರ ಮುಂದಿಟ್ಟು "ನಿಮ್ಮ ಕಡೆ ಇದಕ್ಕ ಏನಂತೀರಿ?" ಅಂತ ಕೇಳಿ. ಹೌಸಾ ಮಾತಾಡುವವರಾದರೆ ಸಜ್ಜೆಗೆ 'ಗೆರೊ' ಅನ್ನುತ್ತಾರೆ. ಮಾತು ಅಲ್ಲಿಂದ ತಾನಾಗಿ ಬೆಳೆಯುತ್ತದೆ.