ಬೆನ್ನ ಹಿಂದಿನಿಂದ ಬಂದ ಹೊಡೆತ

2004ರ ಡಿಸೆಂಬರ್ 22ರಂದು ಕೆನಡಾದ ವ್ಯಾಂಕೂವರ್ ನಗರದ ನ್ಯಾಯಾಲಯ ಟಾಡ್ ಬರ್ಟೂಜಿ ಎಂಬ ಐಸ್ ಹಾಕಿ ಆಟಗಾರನಿಗೆ ಒಂದು ವರ್ಷದ ಪ್ರೊಬೇಷನ್ ಮತ್ತು 80 ಗಂಟೆಗಳ ಸಮುದಾಯ ಸೇವೆ ವಿಧಿಸಿತು. ಜೊತೆಗೊಂದು ಷರತ್ತು: ಎದುರಾಳಿ ತಂಡದಲ್ಲಿ ಸ್ಟೀವ್ ಮೂರ್ ಇರುವ ಯಾವ ಪಂದ್ಯದಲ್ಲೂ ಬರ್ಟೂಜಿ ಆಡಕೂಡದು. ಧಾರವಾಡದ ಕೋರ್ಟಿನಲ್ಲಿ ಹೊಡೆದಾಟದ ಕೇಸುಗಳನ್ನೇ ಹೆಚ್ಚಾಗಿ ನಡೆಸಿಕೊಂಡು ಬಂದ ವಕೀಲ ನಾನು. ಈ ಷರತ್ತನ್ನು ಓದಿದಾಗಲೆಲ್ಲ ಸಂಕಟವಾಗುತ್ತದೆ. ಏಕೆಂದರೆ ಬರ್ಟೂಜಿಯ ಹೊಡೆತದಿಂದ ಕತ್ತಿನ ಮೂರು ಮೂಳೆ ಮುರಿಸಿಕೊಂಡ ಮೂರ್ ವೃತ್ತಿಪರ ಹಾಕಿಗೆ ಮರಳಲೇ ಇಲ್ಲ. ಬರ್ಟೂಜಿ ಮುಂದೆಯೂ ವರ್ಷಗಟ್ಟಲೆ ಆಡಿದ. ಆ ಷರತ್ತು ಅವನಿಂದ ಒಂದೇ ಒಂದು ಪಂದ್ಯವನ್ನೂ ಕಸಿದುಕೊಳ್ಳಲಿಲ್ಲ.

ಐಸ್ ಹಾಕಿ ನಮ್ಮ ಕೊಡಗಿನ ಹಾಕಿಯಂತಲ್ಲ. ಸುಮಾರು 200 ಅಡಿ ಉದ್ದ, 85 ಅಡಿ ಅಗಲದ ಮಂಜುಗಡ್ಡೆಯ ಅಂಗಳದಲ್ಲಿ ತಂಡಕ್ಕೆ ಆರು ಮಂದಿಯಂತೆ ಸ್ಕೇಟ್ ಕಟ್ಟಿಕೊಂಡು ಜಾರುತ್ತ, ಪಕ್ ಎಂಬ ರಬ್ಬರ್ ಬಿಲ್ಲೆಯನ್ನು ಗೋಲಿಗಟ್ಟುವ ಆಟ. ಪಕ್ ಇಟ್ಟುಕೊಂಡವನಿಗೆ ಭುಜದಿಂದ ಗುದ್ದುವುದು ನಿಯಮಬದ್ಧ. ಉತ್ತರ ಅಮೆರಿಕದ ದೊಡ್ಡ ಲೀಗ್ ಎನ್‌ಎಚ್‌ಎಲ್‌ನಲ್ಲಿ ಇಬ್ಬರು ಗ್ಲೌಸ್ ಬಿಸಾಡಿ ಮುಷ್ಟಿಯುದ್ಧಕ್ಕಿಳಿದರೆ ಐದೈದು ನಿಮಿಷ ಹೊರಗೆ ಕೂರಿಸುತ್ತಾರೆ, ಆಮೇಲೆ ಆಟ ಮುಂದುವರಿಯುತ್ತದೆ. ಇದರ ಜೊತೆಗೆ ಎಲ್ಲೂ ಬರೆದಿಡದ ಒಂದು ಕಟ್ಟಳೆಯೂ ಇದೆ. ನಮ್ಮ ತಂಡದ ದೊಡ್ಡ ಆಟಗಾರನಿಗೆ ನೀವು ಏಟು ಕೊಟ್ಟರೆ ನಮ್ಮವನೊಬ್ಬ ನಿಮಗೆ ಲೆಕ್ಕ ತೀರಿಸುತ್ತಾನೆ ಎಂಬುದು ಅದು. ಮೂರ್‌ನ ಜೀವನವನ್ನು ಹಾಳುಮಾಡಿದ್ದು ಈ ಕಟ್ಟಳೆ.

ಬರ್ಟೂಜಿ ಹುಟ್ಟಿದ್ದು 1975ರಲ್ಲಿ, ನಿಕ್ಕಲ್ ಗಣಿಗಳಿಗೆ ಹೆಸರಾದ ಒಂಟಾರಿಯೊದ ಸಡ್‌ಬರಿಯಲ್ಲಿ. ಆರಡಿ ಮೂರಿಂಚಿನ ಭಾರೀ ಆಳು. 1993ರಲ್ಲಿ ನ್ಯೂಯಾರ್ಕ್ ಐಲ್ಯಾಂಡರ್ಸ್ ತಂಡ ಅವನನ್ನು ಆರಿಸಿಕೊಂಡಿತು. 1998ರಲ್ಲಿ ಅವನು ವ್ಯಾಂಕೂವರ್ ಕನಕ್ಸ್ ಸೇರಿದ. ಅಲ್ಲಿ ನಾಯಕ ಮಾರ್ಕಸ್ ನಾಸ್ಲುಂಡ್, ಬ್ರೆಂಡನ್ ಮಾರಿಸನ್ ಜೊತೆ ಅವನು ಆಡಿದ ಜೋಡಣೆಗೆ ಜನ ‘ವೆಸ್ಟ್ ಕೋಸ್ಟ್ ಎಕ್ಸ್‌ಪ್ರೆಸ್’ ಎಂದು ಹೆಸರಿಟ್ಟರು. 2002–03ರ ಸೀಸನ್‌ನಲ್ಲಿ 46 ಗೋಲು ಹೊಡೆದ. ಅಷ್ಟು ದೊಡ್ಡ ದೇಹದಲ್ಲಿ ಅಷ್ಟು ಮೃದುವಾದ ಕೈಚಳಕ ಅಪರೂಪ. ಅವನು ಬರೀ ಗೂಂಡಾ ಆಟಗಾರನಾಗಿದ್ದ ಎಂದು ಬರೆಯುವವರು ಅವನ ಆಟ ನೋಡಿಲ್ಲ.

ಮೂರ್ ಬೇರೆ ಬಗೆಯವನು. ಮೂವರು ಅಣ್ಣತಮ್ಮಂದಿರೂ ಹಾರ್ವರ್ಡ್ ವಿಶ್ವವಿದ್ಯಾಲಯದ ತಂಡಕ್ಕೆ ಆಡಿದವರು. ಇವನು ಪದವಿ ಮುಗಿಸಿ ಕೊಲರಾಡೊ ಅವಲಾಂಚ್ ತಂಡದಲ್ಲಿ ಜಾಗ ಗಟ್ಟಿ ಮಾಡಿಕೊಳ್ಳುತ್ತಿದ್ದ ಹೊಸಬ. 2004ರ ಫೆಬ್ರವರಿ 16ರಂದು ಪಕ್‌ಗಾಗಿ ಮುಂದೆ ಬಾಗಿದ್ದ ನಾಸ್ಲುಂಡ್‌ನ ತಲೆಗೆ ಇವನ ಭುಜ ತಾಗಿತು. ನಾಸ್ಲುಂಡ್‌ಗೆ ಮಿದುಳಿನ ಆಘಾತವಾಗಿ ಮೂರು ಪಂದ್ಯ ತಪ್ಪಿದವು. ರೆಫರಿ ಶಿಕ್ಷೆ ಕೊಡಲಿಲ್ಲ. ಲೀಗ್ ಕೂಡ ಪರಿಶೀಲಿಸಿ, ಇದು ನಿಯಮದೊಳಗಿನ ಡಿಕ್ಕಿ ಎಂದಿತು. ಕನಕ್ಸ್ ಪಾಳಯದಲ್ಲಿ ಮಾತ್ರ ಸಿಟ್ಟು ಇಳಿಯಲಿಲ್ಲ. ಮೂರ್‌ನ ತಲೆಗೆ ಬೆಲೆ ಕಟ್ಟಲಾಗಿದೆ ಎಂಬರ್ಥದ ಮಾತು ಆಟಗಾರನೊಬ್ಬನ ಬಾಯಿಂದ ಪತ್ರಿಕೆಗಳಿಗೂ ಬಂತು. ಮಾರ್ಚ್ 3ರಂದು ಡೆನ್ವರ್‌ನಲ್ಲಿ ತಂಡಗಳು ಮತ್ತೆ ಎದುರಾದಾಗ ಲೀಗ್‌ನ ಮುಖ್ಯಸ್ಥ ಗ್ಯಾರಿ ಬೆಟ್‌ಮನ್ ಖುದ್ದು ಬಂದು ಕೂತಿದ್ದ. ಅಂದು ಏನೂ ಆಗಲಿಲ್ಲ.

ಮಾರ್ಚ್ 8ರಂದು ವ್ಯಾಂಕೂವರ್‌ನಲ್ಲಿ ಆಯಿತು. ಮೊದಲ ಅವಧಿಯಲ್ಲೇ ಕನಕ್ಸ್‌ನ ಮ್ಯಾಟ್ ಕುಕ್ ಮೂರ್‌ನನ್ನು ಮುಷ್ಟಿಯುದ್ಧಕ್ಕೆ ಕರೆದ. ಮೂರ್ ಹೋದ, ಇಬ್ಬರೂ ಹೊಡೆದಾಡಿಕೊಂಡರು. ಕಟ್ಟಳೆಯ ಲೆಕ್ಕದಲ್ಲೇ ನೋಡಿದರೂ ಸಾಲ ಅಲ್ಲಿಗೆ ತೀರಿತ್ತು. ಮೂರನೆಯ ಅವಧಿಯ ಹೊತ್ತಿಗೆ ಕೊಲರಾಡೊ 8–2ರಿಂದ ಮುಂದಿತ್ತು. ಬರ್ಟೂಜಿ ಮೂರ್‌ನ ಬೆನ್ನು ಬಿದ್ದ. ಹೊಡೆದಾಟಕ್ಕೆ ಕರೆದ, ಮೂರ್ ತಿರುಗಿ ನೋಡದೆ ಜಾರುತ್ತ ಸಾಗಿದ. ಬರ್ಟೂಜಿ ಅವನ ಜೆರ್ಸಿಯನ್ನು ಹಿಂದಿನಿಂದ ಎಳೆದು, ಗ್ಲೌಸ್ ತೊಟ್ಟ ಬಲಗೈಯಿಂದ ತಲೆಯ ಪಕ್ಕಕ್ಕೆ ಗುದ್ದಿದ. ಮೂರ್ ಮುಖವಡಿಯಾಗಿ ಬೀಳುವಾಗ ಅವನ ಬೆನ್ನ ಮೇಲೆ ಬರ್ಟೂಜಿ, ಅವರಿಬ್ಬರ ಮೇಲೆ ಉಳಿದ ಆಟಗಾರರು. ಗುಂಪು ಕರಗಿದಾಗ ಮೂರ್ ಅಲುಗಾಡುತ್ತಿರಲಿಲ್ಲ. ಸುಮಾರು ಹತ್ತು ನಿಮಿಷ ಹಾಗೇ ಬಿದ್ದಿದ್ದ, ಸ್ಟ್ರೆಚರ್‌ನಲ್ಲಿ ಹೊತ್ತೊಯ್ದರು. ಎರಡು ದಿನದ ಮೇಲೆ ಬರ್ಟೂಜಿ ಪತ್ರಕರ್ತರ ಮುಂದೆ ಅಳುತ್ತ ಕ್ಷಮೆ ಕೇಳಿದ. ಆ ಅಳು ನಟನೆ ಎಂದು ನನಗೆ ಅನ್ನಿಸಿಲ್ಲ. ಹೊಡೆದವನು ಮರುದಿನ ನಿಜವಾಗಿಯೂ ಅಳುವುದನ್ನು ನನ್ನ ಕಕ್ಷಿದಾರರಲ್ಲೂ ಕಂಡಿದ್ದೇನೆ.

ಆಟದಲ್ಲಾದ ಪೆಟ್ಟು ಅಪರಾಧವಾಗುವುದು ಯಾವಾಗ? ಇದಕ್ಕೆ ನಮ್ಮಲ್ಲೂ ಹಳೆಯ ಉತ್ತರವಿದೆ. 1860ರ ಭಾರತೀಯ ದಂಡ ಸಂಹಿತೆಯ 87ನೇ ಕಲಂ, ಈಗಿನ ಭಾರತೀಯ ನ್ಯಾಯ ಸಂಹಿತೆಯ 25ನೇ ಕಲಂ, ಒಂದು ಉದಾಹರಣೆ ಕೊಡುತ್ತದೆ. ಇಬ್ಬರು ಮನರಂಜನೆಗೆ ಕತ್ತಿವರಸೆ ಆಡಲು ಒಪ್ಪುತ್ತಾರೆ. ಮೋಸದಾಟವಿಲ್ಲದೆ ಆಡುವಾಗ ಒಬ್ಬನಿಗೆ ಪೆಟ್ಟಾದರೆ ಅದು ಅಪರಾಧವಲ್ಲ. ಆಟಕ್ಕಿಳಿದವನು ಆಟದ ಸಹಜ ಪೆಟ್ಟಿಗೆ ಒಪ್ಪಿರುತ್ತಾನೆ, ಅದರಾಚೆಗಿನದಕ್ಕಲ್ಲ. ಮೂಳೆ ಮುರಿತ ನಮ್ಮ ಕಾನೂನಿನಲ್ಲಿ ತೀವ್ರ ಸ್ವರೂಪದ ಗಾಯ. ಇಂಥದೇ ವೂಂಡ್ ಸರ್ಟಿಫಿಕೇಟ್ ನನ್ನ ಮೇಜಿಗೆ ಬಂದಿದ್ದರೆ, ‘ಆಟದಾಗಿನದು ಆಟದಾಗs ಮುಗೀಲಿ ಸಾಹೇಬ್ರ’ ಎಂದು ಊರ ಹಿರಿಯರು ಎಷ್ಟು ಹೇಳಿದರೂ ನಾನು ಕೇಳುತ್ತಿರಲಿಲ್ಲ. ಮೂರ್ ಹೊಡೆದಾಟಕ್ಕೆ ಒಪ್ಪಿರಲಿಲ್ಲ. ಮುಖ ತಿರುಗಿಸಿ ಹೋಗುತ್ತಿದ್ದ.

ಕೆನಡಾದ ಪ್ರಾಸಿಕ್ಯೂಷನ್ 2004ರ ಜೂನ್‌ನಲ್ಲಿ ದೈಹಿಕ ಹಾನಿ ಉಂಟುಮಾಡಿದ ಹಲ್ಲೆಯ ಆರೋಪ ಹೊರಿಸಿತು. ಡಿಸೆಂಬರ್‌ನಲ್ಲಿ ಬರ್ಟೂಜಿ ತಪ್ಪೊಪ್ಪಿಕೊಂಡ. ಸಿಕ್ಕಿದ್ದು ಷರತ್ತುಬದ್ಧ ಬಿಡುಗಡೆ. ಪ್ರೊಬೇಷನ್ ಸರಿಯಾಗಿ ಮುಗಿಸಿದರೆ ಅವನ ಮೇಲೆ ಶಿಕ್ಷೆಯ ದಾಖಲೆ ಉಳಿಯುವುದಿಲ್ಲ. ಮೂರ್ ಬಿದ್ದ ಅದೇ ಅಂಗಳದಲ್ಲಿ 2000ದ ಫೆಬ್ರವರಿಯಲ್ಲಿ ಬಾಸ್ಟನ್ ತಂಡದ ಮಾರ್ಟಿ ಮ್ಯಾಕ್‌ಸಾರ್ಲಿ ಕೋಲಿನಿಂದ ಡೊನಾಲ್ಡ್ ಬ್ರಷೇರ್‌ನ ತಲೆಗೆ ಹೊಡೆದಿದ್ದ. ವಿಚಾರಣೆ ನಡೆದು ಅವನೂ ಅಪರಾಧಿ ಎನಿಸಿಕೊಂಡ. ಅವನಿಗೂ ಷರತ್ತುಬದ್ಧ ಬಿಡುಗಡೆಯೇ ಸಿಕ್ಕಿತು. ಎರಡನ್ನೂ ಒಟ್ಟಿಗಿಟ್ಟು ನೋಡಿದರೆ ಒಂದು ಮಾತು ಕಾಣುತ್ತದೆ: ಕೃತ್ಯ ಅಪರಾಧ ಎನ್ನಲು ಕೋರ್ಟು ಹಿಂಜರಿಯಲಿಲ್ಲ, ಶಿಕ್ಷೆಯ ಹೊತ್ತಿಗೆ ಮಾತ್ರ ಆರೋಪಿಯ ಜೆರ್ಸಿ ನೆರವಿಗೆ ಬಂತು. ಬೀದಿಯಲ್ಲಿ ಹೀಗೆ ಹಿಂದಿನಿಂದ ಹೊಡೆದು ಕತ್ತು ಮುರಿದವನು ಇಷ್ಟು ಹಗುರವಾಗಿ ಮನೆಗೆ ಹೋಗುತ್ತಿದ್ದನೆಂದು ನನಗನ್ನಿಸುವುದಿಲ್ಲ.

ಲೀಗ್‌ನ ಶಿಕ್ಷೆಯದೂ ಇಂಥದೇ ಕಥೆ. ಅಮಾನತು ಹದಿನೇಳು ತಿಂಗಳು ಎಂದು ಕೇಳಿದರೆ ದೊಡ್ಡದೆನಿಸುತ್ತದೆ. ಆದರೆ 2004–05ರ ಸೀಸನ್ ಪೂರ್ತಿ ಮಾಲೀಕರು ಮತ್ತು ಆಟಗಾರರ ಜಗಳದಲ್ಲಿ ರದ್ದಾಯಿತು. ಹಾಗಾಗಿ ಅವನಿಗೆ ತಪ್ಪಿದ ಲೀಗ್ ಪಂದ್ಯಗಳು ಇಪ್ಪತ್ತು, ಹೋದ ಸಂಬಳ ಸುಮಾರು 5 ಲಕ್ಷ ಡಾಲರ್. ತಂಡಕ್ಕೆ 2.5 ಲಕ್ಷ ಡಾಲರ್ ದಂಡ. 2005ರ ಆಗಸ್ಟ್‌ನಲ್ಲಿ ಮರಳಲು ಅನುಮತಿ ಸಿಕ್ಕಿತು. 2006ರ ಟ್ಯೂರಿನ್ ಒಲಿಂಪಿಕ್ಸ್‌ನಲ್ಲಿ ಕೆನಡಾಕ್ಕೇ ಆಡಿದ. ಮುಂದೆ ಫ್ಲಾರಿಡಾ, ಡೆಟ್ರಾಯಿಟ್, ಅನಹೈಮ್, ಕ್ಯಾಲ್ಗರಿ, ಮತ್ತೆ ಡೆಟ್ರಾಯಿಟ್. 2014ರಲ್ಲಿ ಎನ್‌ಎಚ್‌ಎಲ್ ಆಟ ನಿಂತಾಗ ಅವನ ಖಾತೆಯಲ್ಲಿ 1,159 ಪಂದ್ಯಗಳಿದ್ದವು. ಮೂರ್‌ನ ಖಾತೆಯಲ್ಲಿ 69.

ಮೂರ್ ಪರಿಹಾರಕ್ಕಾಗಿ 2005ರಲ್ಲಿ ಕೊಲರಾಡೊದಲ್ಲಿ ಹೂಡಿದ ದಾವೆ ಅಲ್ಲಿ ನಿಲ್ಲಲಿಲ್ಲ. 2006ರಲ್ಲಿ ಒಂಟಾರಿಯೊದಲ್ಲಿ ಹೊಸದಾಗಿ ಹೂಡಿದ. ಕೇಳಿದ ಮೊತ್ತ ಕೊನೆಗೆ 6.8 ಕೋಟಿ ಡಾಲರ್ ಮುಟ್ಟಿತು. ನನಗೆ ಮುಖ್ಯವೆನಿಸುವುದು ಹಣವಲ್ಲ. ಈ ದಾವೆಯಲ್ಲಿ ಬರ್ಟೂಜಿ ತನ್ನ ಕೋಚ್ ಮಾರ್ಕ್ ಕ್ರಾಫರ್ಡ್‌ನನ್ನೂ ಎಳೆದು ತಂದು, ಹೊಣೆಯಲ್ಲಿ ಅವನದೂ ಪಾಲಿದೆ ಎಂದ. ಬೆಂಚಿಗೆ ಮರಳಿ ಬಾ ಎಂದು ಕರೆದರೂ ಬರ್ಟೂಜಿಯೇ ಕೇಳಲಿಲ್ಲ ಎಂಬುದು ಕೋಚ್‌ನ ವಾದ. ಲೆಕ್ಕ ತೀರಿಸುವ ಕಟ್ಟಳೆಯನ್ನು ಡ್ರೆಸ್ಸಿಂಗ್ ರೂಮಿನಲ್ಲಿ ಯಾರು ಜೀವಂತ ಇಡುತ್ತಾರೆ ಎಂಬ ಪ್ರಶ್ನೆ ತೆರೆದ ಕೋರ್ಟಿನಲ್ಲಿ ಸಾಕ್ಷಿ ಹೇಳುವ ಹಂತಕ್ಕೆ ಹತ್ತಿರ ಬಂದಿತ್ತು. 2012ರಲ್ಲಿ ಕೋಚ್ ಮೇಲಿನ ಬೇಡಿಕೆಯನ್ನು ಬರ್ಟೂಜಿ ಕೈಬಿಟ್ಟ.

ಮುಖ್ಯ ವಿಚಾರಣೆಗೆ 2014ರ ಸೆಪ್ಟೆಂಬರ್ 8 ನಿಗದಿಯಾಗಿತ್ತು. ಆಗಸ್ಟ್‌ನಲ್ಲಿ ರಾಜಿಯಾಯಿತು, ಷರತ್ತುಗಳು ಗುಪ್ತ. ಅದೇ ವರ್ಷ ಮೂರ್‌ನ ತಮ್ಮ ಡಾಮಿನಿಕ್ ನ್ಯೂಯಾರ್ಕ್ ರೇಂಜರ್ಸ್ ಪರ ಸ್ಟ್ಯಾನ್ಲಿ ಕಪ್ ಫೈನಲ್ ಆಡಿದ್ದ. ಮೂರ್‌ಗೆ ಆಗ 35. ಕೋರ್ಟಿಗೆ ಅಲೆದೇ ಒಂಬತ್ತು ವರ್ಷ ಕಳೆದಿದ್ದವು. ಅವನು ನನ್ನ ಕಕ್ಷಿದಾರನಾಗಿದ್ದರೆ ನಾನೂ ರಾಜಿಗೇ ಸಹಿ ಹಾಕಿಸುತ್ತಿದ್ದೆ. ಆದರೂ ಆ ಸೆಪ್ಟೆಂಬರ್‌ನಲ್ಲಿ ಕ್ರಾಫರ್ಡ್ ಸಾಕ್ಷಿಕಟ್ಟೆ ಹತ್ತಿ, ಮಾರ್ಚ್ 8ರ ಪಂದ್ಯದ ನಡುವಿನ ಬಿಡುವಿನಲ್ಲಿ ತಾನು ಆಟಗಾರರಿಗೆ ಏನು ಹೇಳಿದೆ ಎಂದು ಪಾಟೀಸವಾಲಿಗೆ ಉತ್ತರ ಕೊಡಬೇಕಿತ್ತು.