ತಾಮ್ರದ ತಗಡಿನಲ್ಲಿ ನಾಡಿನ ನೋಟ

ಛಾಯಾಚಿತ್ರವು ರೂಢಿಗೆ ಬರುವ ಮುನ್ನ ದೂರದ ನಾಡಿನ ನೋಟವನ್ನು ಹಲವರಿಗೆ ತಲಪಿಸಲು ಅಚ್ಚಿನ ಚಿತ್ರವೇ ಸಾಧನವಾಗಿತ್ತು. ಎಚ್ಚಿಂಗ್ ಅಂತಹ ಚಿತ್ರಗಳನ್ನು ಸಿದ್ಧಪಡಿಸುವ ಒಂದು ವಿಧಾನ. ನಯಗೊಳಿಸಿದ ತಾಮ್ರದ ತಗಡಿಗೆ ಮೇಣ, ರಾಳಗಳ ಲೇಪ ಹಚ್ಚಿ, ಅದರ ಮೇಲೆ ಸೂಜಿಯಿಂದ ಚಿತ್ರ ಬರೆಯುತ್ತಾರೆ. ಬಳಿಕ ತಗಡನ್ನು ಆಮ್ಲದಲ್ಲಿ ಇಡುತ್ತಾರೆ. ಲೇಪವಿರುವೆಡೆ ಆಮ್ಲವು ತಾಗದು. ಸೂಜಿ ಗೀಚಿದಲ್ಲಿ ಮಾತ್ರ ಲೋಹ ಕರಗಿ ಗೆರೆ ಮೂಡುವುದು. ಲೇಪ ತೆಗೆದು, ಗೆರೆಗಳಿಗೆ ಮಸಿ ತುಂಬಿ, ಮೇಲ್ಮೈ ಒರೆಸಿ, ತೇವದ ಕಾಗದವನ್ನಿಟ್ಟು ಯಂತ್ರದಲ್ಲಿ ಒತ್ತುತ್ತಾರೆ. ಚಿತ್ರವು ಎಡಬಲ ಅದಲುಬದಲಾಗಿ ಬರುವುದರಿಂದ ತಗಡಿನ ಮೇಲೆ ಅದನ್ನು ಕನ್ನಡಿಯ ಪ್ರತಿಬಿಂಬದಂತೆ ಬರೆಯಬೇಕು.

ಚಿಕ್ಕಮಗಳೂರಿನಲ್ಲಿ ನಿಂತು ಬಾಬಾಬುಡನ್ ಗಿರಿಶ್ರೇಣಿಯನ್ನು ನೋಡಿರಿ. ಹತ್ತಿರದ ಮರ ದಟ್ಟವಾಗಿಯೂ ದೂರದ ಶಿಖರ ತೆಳುವಾಗಿಯೂ ಕಾಣುತ್ತವೆ. ಈ ಅಂತರವನ್ನು ಕಲಾವಿದನು ಆಮ್ಲದಿಂದಲೇ ಸಾಧಿಸುತ್ತಾನೆ. ಬೆಟ್ಟದ ಗೆರೆಗಳನ್ನು ಸ್ವಲ್ಪ ಹೊತ್ತು ಕೊರೆಯಗೊಟ್ಟು ವಾರ್ನಿಷಿನಿಂದ ಮುಚ್ಚುತ್ತಾನೆ. ಮರದ ಗೆರೆಗಳನ್ನು ಇನ್ನೂ ಆಳಕ್ಕೆ ಇಳಿಯಬಿಡುತ್ತಾನೆ. ರಾಳದ ಪುಡಿಯನ್ನು ಅಂಟಿಸಿ ನೆರಳಿನ ಛಾಯೆಗಳನ್ನು ತರುವ ಕ್ರಮಕ್ಕೆ ಆಕ್ವಾಟಿಂಟ್ ಎಂದು ಹೆಸರು.

ಮೈಸೂರು ಸೀಮೆಯ ಪ್ರಸಿದ್ಧ ಆಕ್ವಾಟಿಂಟುಗಳಲ್ಲಿ ಜೇಮ್ಸ್ ಹಂಟರನ ಚಿತ್ರಗಳನ್ನು ಆಧರಿಸಿದವು ಮುಖ್ಯವಾದವು. ಬ್ರಿಟಿಷ್ ಫಿರಂಗಿ ದಳದ ಅಧಿಕಾರಿಯಾಗಿದ್ದ ಹಂಟರ್ 1792ರಲ್ಲಿ ತೀರಿಕೊಂಡನು. ಅವನ ಚಿತ್ರಗಳು ಲಂಡನ್ನಿನಲ್ಲಿ ಅಚ್ಚಾಗಿ ಗ್ರಂಥರೂಪ ತಳೆದುದು 1805ರಲ್ಲಿ. ತಗಡು ಕೊರೆದ ಕುಶಲಿಗಳ ಮುಂದಿದ್ದುದು ಅವನ ಕಾಗದವೇ ಹೊರತು ನಮ್ಮ ನಾಡಲ್ಲ. ಸೈನಿಕನಾದ ಹಂಟರನ ಕುಂಚ ಸೇನೆಯ ದಾರಿಯನ್ನೇ ಹಿಡಿಯಿತು. ಆದುದರಿಂದ ಬೆಂಗಳೂರು, ಶ್ರೀರಂಗಪಟ್ಟಣಗಳ ಕೋಟೆ ಅರಮನೆಗಳಿಗೆ ಅಲ್ಲಿ ಪ್ರಾಧಾನ್ಯ ದೊರೆಯಿತು. ಆ ದಾರಿಗೆ ದೂರವಾದ ಮೂಡಿಗೆರೆ, ಕಳಸಗಳ ಗದ್ದೆಬಯಲು ಆ ಗ್ರಂಥದ ವಿಷಯವಾಗಲಿಲ್ಲ.

ಇದು ಸಣ್ಣ ನಷ್ಟವಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಬೆಟ್ಟಗಳಲ್ಲಿ ದೊಡ್ಡ ಕಾಫಿ ತೋಟಗಳು ಹಬ್ಬಿದವು. ಕಾಡಿನ ಕೆಳಗಿಡಗಳು ಅಳಿದು ಕಾಫಿ ಬಂದಿತು. ಹಲವೆಡೆ ನೆರಳಿನ ಹೆಮ್ಮರಗಳು ಉಳಿದವು. ಈಗ ಮೆಣಸಿನ ಬಳ್ಳಿಗೆ ಆಸರೆಯಾಗಿರುವ ಸಿಲ್ವರ್ ಓಕ್ ಆಸ್ಟ್ರೇಲಿಯ ಮೂಲದ ಮರ. ಇಂದು ಸಹಜವೆಂದು ತೋರುವ ಮಲೆನಾಡಿನ ನೋಟದಲ್ಲಿ ಮನುಷ್ಯನ ಕೈವಾಡ ಎಷ್ಟೆಂಬುದನ್ನು ಅರಿಯಲು ಹಿಂದಿನ ಚಿತ್ರಗಳು ನೆರವಾಗುತ್ತವೆ.

ಹಳೆಯ ಚಿತ್ರವು ಸಾಕ್ಷಿಯೇ ಸರಿ. ಆದರೆ ಸಾಕ್ಷಿಯನ್ನೂ ವಿಚಾರಿಸಬೇಕು. ಬರೆದವನು ಯಾರು, ಯಾರಿಗಾಗಿ ಬರೆದನು, ಎಲ್ಲಿ ನಿಂತು ನೋಡಿದನು ಎಂದು ಕೇಳುವವನಿಗೆ ಚಿತ್ರದಲ್ಲಿ ಇರುವುದರಂತೆಯೇ ಇಲ್ಲದುದೂ ಇತಿಹಾಸವನ್ನು ಹೇಳುತ್ತದೆ.